ಮರಿಯಮ್ಮನ ಪೆಟ್ಟಿಗೆಯ ವೈರಿಂಗ್

ಪೀಣ್ಯದ ನನ್ನ ಶೆಡ್ಡಿನಲ್ಲಿ ಪ್ರೆಸ್ ಮಿಷನ್ನುಗಳ ಕಂಟ್ರೋಲ್ ಪ್ಯಾನೆಲ್ ಬಿಟ್ಟರೆ ಬೇರೆ ಕೆಲಸ ನಾನು ಮುಟ್ಟುವವನಲ್ಲ. ಎಂಬತ್ನಾಲ್ಕರಲ್ಲಿ ಒಂದೇ ಸಲ ಮುಟ್ಟಿದೆ, ಅದೂ ಬೇಗೂರಿನ ಮರಿಯಮ್ಮ ಬಿಡದೆ ಕಾಡಿದ್ದಕ್ಕೆ. ಜೀವಕೋಶಗಳ ಮೇಲೆ ಸಂಶೋಧನೆ ಮಾಡುವ ಹುಡುಗಿ. ಕೋಶ ಯಾವಾಗ ಎರಡಾಗಬೇಕು, ಯಾವಾಗ ಸಾಯಬೇಕು ಎಂದು ತೀರ್ಮಾನಿಸುವ ಸಂಕೇತಗಳನ್ನು ರಿಲೇ ಎಂಬ ವಿದ್ಯುತ್ ಸ್ವಿಚ್ಚು, ದೀಪಗಳಲ್ಲಿ ತೋರಿಸುವ ಪೆಟ್ಟಿಗೆ ಅವಳಿಗೆ ಬೇಕಿತ್ತು. ಹಸಿರು ಹತ್ತಿದರೆ ಕೋಶ ಎರಡಾಯಿತು, ಕೆಂಪು ಹತ್ತಿದರೆ ಸತ್ತಿತು.

ಪೆಟ್ಟಿಗೆ ಒಯ್ಯಲು ಬಂದವಳು ‘ಸೀರಂ’ ಎಂದು ಬರೆದಿದ್ದ ತಂತಿ ಎಳೆದು ನೋಡಿದಳು. ಕೆಂಪು ಹತ್ತಿತು.

“ಅಯ್ಯೋ ನಲ್ಲಪ್ಪಣ್ಣ, ತಪ್ಪಾಗಿದೆ! ವಿಷದ ಬಟನ್ ಒತ್ತಿದ್ರೆ ಮಾತ್ರ ಕೆಂಪು ಬರ್ಬೇಕಿತ್ತು. ನಾಳೆನೇ ಗೈಡ್ ಸಾರ್‌ಗೆ ತೋರಿಸ್ಬೇಕು. ಆರು ತಿಂಗಳಿಂದ ಲ್ಯಾಬಲ್ಲಿ ನಾನು ಬೆಳೆಸೋ ತಟ್ಟೇಲಿ ಕೋಶಗಳು ಸುಮ್‌ಸುಮ್ನೆ ಸಾಯ್ತಿವೆ. ‘ನಿನ್ನ ಕೈನೇ ಗಲೀಜು’ ಅಂತಾರೆ. ನಾಳೆನೂ ಕೆಟ್ರೆ ನನ್ನ ಪಿಎಚ್‌ಡಿ ಮುಗೀತು.”

ನನಗೆ ಪಿತ್ತ ನೆತ್ತಿಗೇರಿತು.

“ಈ ಕೈ ನೋಡಮ್ಮ, ಎರಡು ಬೆರಳಿಲ್ಲ. ಸ್ಟಾಪ್ ತಂತಿ ಕಡಿದೋಗಿತ್ತು, ಬಟನ್ ಒತ್ತಿದ್ರೂ ಮಿಷನ್ ನಿಲ್ಲಿಲ್ಲ. ಅವತ್ತಿಂದ ನನ್ನ ಪ್ಯಾನೆಲ್ ಇಂಗೇ. ‘ಓಡು’ ಅಂತ ಕರೆಂಟು ಬರ್ತಾನೇ ಇರ್ಬೇಕು. ತಂತಿ ಕಡೀತೋ, ನಿಂತೋಯ್ತದೆ. ನಿನ್ನ ಪೆಟ್ಟಿಗೇಲೂ ಅಂಗೇ ಹಾಕಿವ್ನಿ. ದೇವ್ರೇನು ನನಗಿಂತ ದಡ್ಡ ವೈರ್‌ಮನ್ನಾ?”

ಬೈಯಲು ಬಾಯಿ ತೆರೆದವಳು ಹಾಗೇ ಸ್ಟೂಲಿನ ಮೇಲೆ ಕುಳಿತಳು.

“ಸೀರಂ ಅಂದ್ರೆ ಕರುವಿನ ರಕ್ತದ ತಿಳಿ,” ಅಂದಳು ನಿಧಾನವಾಗಿ. “ಎರಡಾಗು ಅಂತ ಕೋಶಕ್ಕೆ ಹೇಳೋದು ಅದು. ಕೋಶ ಎರಡಾಗ್ದೆ ಸ್ವಲ್ಪ ದಿನ ಸುಮ್ನಿರ್ಲಿ ಅಂತ ಪ್ರತಿ ಸಲ ನಾನೇ ಅದನ್ನ ತೊಳೆದು ತೆಗೀತಿದ್ದೆ. ‘ಬದುಕು’ ಅಂತ ಹೇಳ್ತಿದ್ದಿದ್ದೂ ಅದೇನಾ?”

“ನನಗೇನಮ್ಮ ಗೊತ್ತು? ವೈರಿಂಗ್ ಬದಲಾಯಿಸ್ಲಾ?”

“ಮುಟ್ಟಬೇಡಿ!”

ಮಾರನೆಯ ದಿನ ರಿಲೇ ಸುಟ್ಟುಹಾಕಿಯಾರು ಎಂದು ನಾನೂ ಅವಳ ಲ್ಯಾಬಿಗೆ ಜೊತೆಗೆ ಹೋದೆ. ಮರಿಯಮ್ಮ ಎಲ್ಲವನ್ನೂ ಹೇಳಿದಳು. ಗೈಡು ತಂತಿ ಎಳೆದರು. ಕೆಂಪು ಹತ್ತಿತು. ಮತ್ತೆ ಸಿಕ್ಕಿಸಿದರು. ಕೆಂಪು ಆರಲಿಲ್ಲ.

“ಸತ್ತಿದ್ದು ಏಳಾಕಿಲ್ಲ ಸಾರ್,” ಅಂದೆ.

ಅವರು ನನ್ನನ್ನು ನೋಡಲೇ ಇಲ್ಲ. ತಂತಿಯ ತುದಿಯನ್ನು ಬೆರಳಲ್ಲಿ ತಿರುವುತ್ತಾ ಮರಿಯಮ್ಮನ ಕಡೆ ತಿರುಗಿದರು.

“ಕೋಶ ಸತ್ತ ಆ ತಟ್ಟೆಗಳನ್ನೆಲ್ಲ ಬಿಸಾಕು ಅಂದಿದ್ದೆ. ಬಿಸಾಕಿದ್ಯಾ?”

ಮರಿಯಮ್ಮ ತಲೆ ತಗ್ಗಿಸಿದಳು. “ಇಲ್ಲ ಸಾರ್. ಒಂದನ್ನೂ ಬಿಸಾಕಿಲ್ಲ.”

“ತಗೊಂಬಾ. ಗಲೀಜಿಂದ ಸತ್ವಾ, ಸೀರಂ ಇಲ್ದೆ ಸತ್ವಾ, ನಾನೇ ನೋಡ್ತೀನಿ.”

ಅವರು ಸೂಕ್ಷ್ಮದರ್ಶಕದ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಓಡಿಹೋಗಿ ತಟ್ಟೆಗಳನ್ನು ತಂದಿಟ್ಟವಳ ಕಣ್ಣಲ್ಲಿ ನೀರಿತ್ತು. ನನಗೂ ಬಂತು, ಸುಳ್ಳೇಕೆ ಹೇಳಲಿ.