ಅಪ್ಪನ ಎದೆಯ ಮೇಲಿನ ಗೋಡೆ

ಒಂದೂರಲ್ಲಿ ಒಂದು ಗೋಡೆ ಇತ್ತಂತೆ. ರಾಜ ಇರುವಷ್ಟು ದಿನ ಅದು ನಿಂತೇ ಇತ್ತಂತೆ. ರಾಜ ಗಂಟುಮೂಟೆ ಕಟ್ಟಿಕೊಂಡು ಹೊರಟ ಮೇಲೆ ಮಲಗಿಬಿಟ್ಟಿತಂತೆ. ಸೇನಾಪತಿ ಬಂದು ಗದರಿದಾಗ ಮತ್ತೆ ಎದ್ದು ನಿಂತಿತಂತೆ. ಫ್ವೆಂತೆಲಾರಾ ಎಂಬ ಹಳ್ಳಿಯ ಅಜ್ಜಿ ಕಸಿಲ್ದಾ ಮೊಮ್ಮಕ್ಕಳಿಗೆ ಹೇಳುತ್ತಿದ್ದ ಕಥೆ ಅಷ್ಟೇ. "ಆಮೇಲೆ?" ಎಂದರೆ, "ಆಮೇಲಿಂದು ನಿಮ್ಮಮ್ಮ ಹೇಳ್ತಾಳೆ" ಎಂದು ಮಗಳು ಒಬ್ದುಲಿಯಾಳ ಕಡೆ ಕೈ ತೋರಿಸುತ್ತಿದ್ದಳು.

ಗೋಡೆ ಇದ್ದದ್ದು ಊರ ಸ್ಮಶಾನದ ನಡುವೆ. ಒಂದು ಕಡೆ ಪಾದ್ರಿ ಮಂತ್ರಿಸಿದ ಮಣ್ಣು. ಇನ್ನೊಂದು ಕಡೆ, ಪಾದ್ರಿಯೇ ಬೇಡ ಎಂದವರಿಗೆ, ಬರೀ ಮಣ್ಣು. ಅದನ್ನು ಕಟ್ಟಿದವನು ಒಬ್ದುಲಿಯಾಳ ಅಪ್ಪ, ಗಾರೆ ಕೆಲಸದ ನಿಕಾಸಿಯೊ. ರಾಜ ಹೋಗಿ ಗಣರಾಜ್ಯ ಬಂದು, ಸತ್ತವರಲ್ಲಿ ಭೇದ ಬೇಡವೆಂದು ಕಾನೂನಾದಾಗ ಕೆಡವಿದವನೂ ಅವನೇ, ತಳಪಾಯದ ಕಲ್ಲನ್ನೂ ಬಿಡದೆ. ಸ್ವಲ್ಪ ಕಾಲಕ್ಕೇ ಕೆಮ್ಮಿ ಕೆಮ್ಮಿ ಸತ್ತ. ಪಾದ್ರಿಯನ್ನು ಬಾಗಿಲಿಂದಲೇ ವಾಪಸು ಕಳಿಸಿದ್ದನಾದ್ದರಿಂದ ಅವನನ್ನು ಬರೀ ಮಣ್ಣಿನ ಅಂಚಿನಲ್ಲಿ ಹೂತರು.

ಆಮೇಲೆ ಸೇನಾಪತಿ ಗಣರಾಜ್ಯದ ಮೇಲೆ ದಂಡೆತ್ತಿ ಬಂದ; ಯುದ್ಧ ಮುಗಿದಾಗ ಗೆದ್ದವನು ಅವನೇ. ಗೋಡೆ ಮತ್ತೆ ಏಳಬೇಕೆಂದು ಹುಕುಂ ಬಂತು. ಅದು ಎಲ್ಲಿತ್ತೆಂದು ಸರಿಯಾಗಿ ಬಲ್ಲವನು ಒಬ್ಬನೇ. ಅವನು ಅಲ್ಲೇ ಕೆಳಗೆ ಮಲಗಿದ್ದ. ಬೇರೆಯವರು ಅಂದಾಜಿನಲ್ಲಿ ಕಟ್ಟಿದರು. ಗೋಡೆ ನಿಕಾಸಿಯೊನ ಎದೆಯ ಮೇಲೇ ಹಾದುಹೋಯಿತು. ತಲೆ ಬರೀ ಮಣ್ಣಿನಲ್ಲಿ, ಕಾಲು ಮಂತ್ರಿಸಿದ ಮಣ್ಣಿನಲ್ಲಿ.

"ಇಗರ್ಜಿ ಕಡೆ ತಲೆ ಹಾಕದವನು, ಕೊನೆಗೂ ಕಾಲು ಹಾಕಿದ ನೋಡು" ಎಂದು ಕಸಿಲ್ದಾ ನಗುತ್ತಿದ್ದಳು. ಆದರೂ ಪ್ರತಿವರ್ಷ, ಸತ್ತವರನ್ನು ನೆನೆಯುವ ಸಕಲ ಸಂತರ ಹಬ್ಬಕ್ಕೆ, ಎರಡು ದೀಪ ಒಯ್ಯುತ್ತಿದ್ದಳು. ಒಂದನ್ನು ಗಂಡನ ಕಾಲ ಬಳಿ ಇಟ್ಟು, ಹೊಲ ಬಳಸಿಕೊಂಡು ಗೋಡೆಯಾಚೆಯ ಹಿಂಬಾಗಿಲಿಗೆ ಹೋಗಿ, ಇನ್ನೊಂದನ್ನು ತಲೆಯ ಬಳಿ ಇಡುತ್ತಿದ್ದಳು. ಸಾಯುವ ಹೊತ್ತಿಗೆ ಮಗಳ ಕೈ ಹಿಡಿದುಕೊಂಡಳು.

"ನನ್ನ ಅವನ ಕಾಲ ಪಕ್ಕ ಮಲಗಿಸು. ಒಂದಿನ ಅವನ ಎದೆ ಮೇಲಿನ ಭಾರ ಇಳಿಸಿ, ಇಬ್ರಿಗೂ ಸೇರಿಸಿ ಒಂದೇ ದೀಪ ಇಡು. ಮಾತು ಕೊಡು."

ಒಬ್ದುಲಿಯಾ ಕೊಟ್ಟಳು. ಅಮ್ಮನನ್ನು ಅಪ್ಪನ ಕಾಲ ಪಕ್ಕವೇ ಮಲಗಿಸಿದಳು.

ಸೇನಾಪತಿಯೂ ಸತ್ತ. ರಾಜ ಮತ್ತೆ ಬಂದ, ಅವನ ಬೆನ್ನಿಗೇ ಚುನಾವಣೆಯೂ ಬಂತು. ಅಮ್ಮನ ಕಥೆಯಲ್ಲಿ ಇಂಥ ಕಾಲ ಇರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಗೋಡೆ ಸುಮ್ಮನೆ ನಿಂತಿತ್ತು. ಒಬ್ದುಲಿಯಾಳ ಬೆರಳುಗಳು ಆಗಲೇ ಸೊಟ್ಟಗಾಗಿದ್ದವು. ಇನ್ನೆಷ್ಟು ಹಬ್ಬಕ್ಕೆ ಈ ಕೈ ಬಂದೀತು ಎಂದುಕೊಳ್ಳುತ್ತ ಅವಳು ಹೊಸ ಮೇಯರ್ ಮೆಲ್ಚೋರ್‌ನ ಬಳಿ ಹೋದಳು. ಅವನು ಊರ ಶಾಲೆಯ ಮೇಷ್ಟ್ರು.

"ಕಾನೂನು ನಿಮ್ಮ ಕಡೆನೇ ಇದೆ ಅಮ್ಮಾ," ಎಂದ ಅವನು. "ಆದ್ರೆ ಸಭೇಲಿ ಅರ್ಧ ಜನ ಆ ಕಡೆ, ಅರ್ಧ ಈ ಕಡೆ. ಗೋಡೆ ಮುಟ್ಟಿದ್ರೆ ನನ್ನನ್ನೇ ಹೂಳ್ತಾರೆ."

"ಯಾವ ಕಡೆ ಅಂತ ಮೊದಲೇ ಕೇಳಿಟ್ಕೊ."

ಅವನು ನಕ್ಕ. "ಸ್ವಲ್ಪ ತಡೀರಿ. ಗೋಡೆ ಕೆಡವೋಕೆ ಠರಾವು ಆಗ್ಬೇಕು."

"ಸಮಾಧಿ ತೊಳೆಯೋಕೆ?"

"ಅದಕ್ಕೇನು ಬೇಕು? ಹಬ್ಬದ ಹಿಂದಿನ ದಿನ ಊರಿಗೆ ಊರೇ ತೊಳೆಯುತ್ತೆ."

ಒಬ್ದುಲಿಯಾ ಶಾಲು ಹೊದ್ದುಕೊಂಡು ಎದ್ದಳು.

ಹಬ್ಬದ ಹಿಂದಿನ ದಿನ ಹೆಂಗಸರೆಲ್ಲ ಬಕೆಟ್ಟು, ಬ್ರಶ್ಶು, ಸೇವಂತಿಗೆ ಹಿಡಿದು ಬಂದಿದ್ದರು. ಒಬ್ದುಲಿಯಾಳ ಬಳಿ ಒಂದು ಹಾರೆಯೂ ಇತ್ತು. ಯುದ್ಧ ಮುಗಿದ ಮೇಲಿನ, ಸುಣ್ಣಕ್ಕೂ ಗತಿಯಿಲ್ಲದ ಹಸಿವಿನ ವರ್ಷದಲ್ಲಿ ಕೆಸರು ಮೆತ್ತಿ ಕಟ್ಟಿದ ಗೋಡೆ. ಮೇಲಿನ ಕಲ್ಲು ಮೀಟುತ್ತಲೇ ಅಲುಗಿತು.

ನೆರೆಮನೆಯ ಬ್ರೀಖಿದಾ ಸೊಂಟಕ್ಕೆ ಕೈಯಿಟ್ಟು ನಿಂತಳು. ಅವಳ ಅಣ್ಣ ಸೇನಾಪತಿಯ ಪಡೆಯಲ್ಲಿ ಸತ್ತವನು. "ಗೋಡೆ ಕೆಡವ್ತಿದೀಯೇನೇ?"

"ಗೋಡೆ ಸುದ್ದಿ ನನಗ್ಯಾಕೆ? ಅಪ್ಪನ ಸಮಾಧಿ ಚೊಕ್ಕ ಮಾಡ್ತಿದೀನಿ. ಮೇಲೆ ಒಂದಿಷ್ಟು ಕಲ್ಲು ಕೂತಿದೆ."

ಬ್ರೀಖಿದಾ ಅಣ್ಣನ ಸಮಾಧಿಯ ಕಡೆ ಒಮ್ಮೆ ತಿರುಗಿದಳು.

"ಹಾಗೆ ಎಳೆದ್ರೆ ನಿನ್ನ ಕಾಲ ಮೇಲೇ ಬೀಳುತ್ತೆ, ಕತ್ತೆ," ಎಂದು ಅಂಗಿಯ ತೋಳು ಮಡಿಸಿ ಕಲ್ಲಿನ ಇನ್ನೊಂದು ತುದಿ ಹಿಡಿದಳು. "ಇದು ನಿಮ್ಮಪ್ಪನಿಗಲ್ಲ. ಅಣ್ಣ ಸತ್ತ ದಿನ ನಮ್ಮನೇಲಿ ಒಲೆ ಹಚ್ಚಿದವಳು ಕಸಿಲ್ದಾ."

ಸಮಾಧಿಯ ಅಗಲದಷ್ಟೇ ತೆಗೆದರು. ಒಂದು ಕಲ್ಲೂ ಹೆಚ್ಚಿಲ್ಲ. ಕೆಸರು ಗುಡಿಸಿ ನೀರು ಹಾಕಿದಾಗ, ನೆಲ ಎರಡೂ ಕಡೆ ಒಂದೇ ಬಣ್ಣಕ್ಕೆ ತಿರುಗಿತು.

ಹೊತ್ತು ಮುಳುಗುತ್ತಿತ್ತು. ಅಮ್ಮನ ರೂಢಿ ತಪ್ಪದೆ ಒಬ್ದುಲಿಯಾ ದೀಪಕ್ಕೆ ಎರಡು ಬಟ್ಟಲು ತಂದಿದ್ದಳು. ಒಂದನ್ನು ಬುಟ್ಟಿಯಲ್ಲೇ ಬೋರಲು ಹಾಕಿದಳು. ಇನ್ನೊಂದಕ್ಕೆ ನೀರು ಹಾಕಿ, ಮೇಲೆ ಆಲಿವ್ ಎಣ್ಣೆ ಬಿಟ್ಟು, ಬತ್ತಿ ತೇಲಿಸಿ, ಗೋಡೆ ನಿಂತಿದ್ದ ಜಾಗದಲ್ಲಿಟ್ಟು ಹಚ್ಚಿದಳು.