ಅರಿಶಿನ ಹಚ್ಚಿದ ನಾಯಿ

ನಾಯಿಗೆ ಯಾರಾದರೂ ಅರಿಶಿನ ಹಚ್ಚುತ್ತಾರೆಯೇ? ನನ್ನ ಗಂಡ ಚಿತ್ತಪ್ಪ ಹಚ್ಚುತ್ತಿದ್ದ. ನಮ್ಮ ಮುದಿನಾಯಿ ಕೆಂದನನ್ನು ಹಿತ್ತಲ ಕಲ್ಲಿನ ಮೇಲೆ ನಿಲ್ಲಿಸಿಕೊಂಡು, ಬಿಸಿನೀರು ಹುಯ್ದು ಮೈ ತೊಳೆದು, ಬೆನ್ನಿಗೆಲ್ಲ ಅರಿಶಿನ ಸವರುತ್ತಿದ್ದ. ನಮ್ಮ ಹಟ್ಟಿಯಲ್ಲಿ ಪ್ರಾಣಿಯ ಮೈಗೆ ನೀರು ಹುಯ್ದು ಅರಿಶಿನ ಹಚ್ಚಿದರೆ ಅದಕ್ಕೆ ಒಂದೇ ಅರ್ಥ. ಕುರಿಯಾಗಲಿ, ಹೋತವಾಗಲಿ, ಆಮೇಲೆ ಅದು ರೊಪ್ಪಕ್ಕೆ ವಾಪಸು ಬರುವುದಿಲ್ಲ.

"ಏನಯ್ಯಾ ಅದು?" ಅಂದೆ.

"ಏನಿಲ್ಲ ಕಣೇ ರಂಗಿ. ಉಣುಗು ಕಚ್ಚಿ ಗಾಯ ಆಗೈತೆ. ಕೊಬ್ರಿ ಎಣ್ಣೇಲಿ ಅರಿಶಿನ ಕಲಸಿ ಹಚ್ತಾ ಇವ್ನಿ."

ತನ್ನ ತಲೆಗೇ ಎಣ್ಣೆ ಕಾಣಿಸದ ಮನುಷ್ಯ ನಾಯಿಗೆ ಹಚ್ಚುತ್ತಾನಂತೆ! ಯಾರ ಕಿವಿ ಮೇಲೆ ಹೂವು ಇಡಲು ಬಂದ?

ನನ್ನ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಬೋರನಕಣಿವೆ ಕಡೆಯ ಕುರುಚಲು ಕಾಡಿನಿಂದ ಒಂದು ಚಿರತೆ ಇಳಿದು ಬಂದು ನಮ್ಮ ಹಟ್ಟಿಯ ಕುರಿಗಳನ್ನು ಎತ್ತುತ್ತಿತ್ತು. ತೆಂಗಿನ ತೋಟದ ಬದುವಿನಲ್ಲಿ ಫಾರೆಸ್ಟಿನವರು ಅದಕ್ಕೆ ಬೋನು ಇಟ್ಟಿದ್ದರು. ಬೋನಿನ ಹಿಂದಿನ ಗೂಡಿನಲ್ಲಿ ಚಿರತೆಗೆ ಆಸೆ ತೋರಿಸಲು ಒಂದು ಜೀವ ಇರಬೇಕು. ಅದನ್ನು ಸರದಿಯ ಮೇಲೆ ಒಂದೊಂದು ಮನೆಯವರು ಕೊಡಬೇಕೆಂದು ಹಟ್ಟಿಯ ಹಿರಿಯ ಕೆಂಚಯ್ಯ ತೀರ್ಮಾನ ಮಾಡಿದ್ದ. ನಡುವೆ ಕಬ್ಬಿಣದ ಜಾಲರಿ ಇದೆ, ಏನೂ ಆಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಹೇಳುವವರಿಗೇನು! ಮೊದಲು ಕಟ್ಟಿದ ಕುರಿಮರಿ ಜಾಲರಿಯ ಒಳಗೇ ಹೆದರಿ ಸತ್ತುಹೋಗಿತ್ತು. ಈಗ ಸರದಿ ನಮ್ಮದು.

ಕೆಂಚಯ್ಯ ನಮ್ಮ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಾ ನನ್ನ ಗಂಡನಿಗೆ ಹೇಳಿದ್ದು ಒಲೆಯ ಮುಂದಿದ್ದ ನನಗೂ ಕೇಳಿಸಿತ್ತು. "ಮರಿ ಯಾಕ್ಲಾ ಹಾಳು ಮಾಡ್ಕೊಂತೀಯ? ಈ ನಾಯಿಗೆ ಹಲ್ಲಿಲ್ಲ, ಕಣ್ಣೂ ಮಂಜಾಗೈತೆ. ಚಿರತೆಗೆ ನಾಯಿ ಅಂದ್ರೆ ಪ್ರಾಣ. ಇದನ್ನೇ ಕಟ್ಬುಡು."

ನನ್ನ ಗಂಡ ಆಗಲ್ಲ ಅನ್ನಲಿಲ್ಲ. "ನೋಡಾನ ಬುಡು" ಅಂದ. ಏನು ನೋಡುವುದು? ಕೈಯಗಲದ ಮರಿಯಾಗಿದ್ದಾಗ ಕಂಬಳಿಯಲ್ಲಿ ಸುತ್ತಿಕೊಂಡು ತಂದ ಜೀವ ಅದು. ನನ್ನ ಮಗ ಓಬಳೇಶ ಕುರಿ ಕಾಯಲು ಕಲಿತದ್ದು ಅದರ ಬೆನ್ನ ಹಿಂದೆ ನಡೆದುಕೊಂಡು. ಈಗ ಅದಕ್ಕೆ ಮುದ್ದೆಯನ್ನು ಹಾಲಿನಲ್ಲಿ ಕಿವುಚಿ ಕೊಡುತ್ತೇವೆ. ಬಿಸಿಯಿದ್ದರೆ ಸೊಸೆ ಯಮುನಾ ಉಫ್ ಉಫ್ ಅಂತ ಊದಿ ಆರಿಸುತ್ತಾಳೆ. ಅಂಥ ಮನೆಯವರೇ ಅದನ್ನು ಚಿರತೆಯ ಬಾಯಿಗೆ ಕೊಡುತ್ತಾರೆಯೇ ಅಂತ ಒಂದು ಮನಸ್ಸು. ಕೊಟ್ಟರೂ ಕೊಟ್ಟಾರು, ಜನ ಹಟ್ಟಿಯ ಮಾತಿಗೆ ಹೆದರುತ್ತಾರೆ ಅಂತ ಇನ್ನೊಂದು ಮನಸ್ಸು.

ಅರಿಶಿನದ ಮಾರನೆಯ ದಿನ ಓಬಳೇಶ ಹೊಸ ಹಗ್ಗ ತಂದ. "ಯಾತಕ್ಲಾ ಅದು?" ಅಂದರೆ "ಇರ್ಲಿ ಅಂತ ತಂದೆ ಕಣವ್ವ" ಅಂದ. ಮೂರೂ ಜನ ರೊಪ್ಪದ ಹತ್ತಿರ ಗುಸುಗುಸು ಮಾತಾಡುವುದು, ನಾನು ಹೋದರೆ ಮೋಡ ನೋಡುವುದು. ಯಮುನಾ ಅಂತೂ ನನ್ನ ಮುಖ ಕಂಡರೆ ಹಾಲು ಕುಡಿದ ಕಳ್ಳಬೆಕ್ಕಿನ ಹಾಗೆ ಸರಿದುಬಿಡುತ್ತಿದ್ದಳು. ನಾನು ಕೆಂದನನ್ನು ನನ್ನ ಮಂಚದ ಕಾಲಿಗೇ ಕಟ್ಟಿಕೊಂಡೆ. ಆಡು ಕುರಿಗಳ ಕಡೆ ತಲೆಹಾಕಿ ನೋಡಲೂ ಹೋಗಲಿಲ್ಲ.

ಹುಳಿಯಾರಿನ ಸಂತೆಯ ದಿನ ಗಂಡ ಬೆಳಗ್ಗೆಯೇ ಶುರು ಮಾಡಿದ. "ಮೆಣಸಿನಕಾಯಿ ಮುಗುದೈತೆ. ನೀನೇ ಹೋಗಿ ನೋಡಿ ತತ್ತಾ."

"ಯಾಕೆ, ನಿನ್ನ ಕಾಲು ಸೇದು ಹೋಗೈತಾ?"

"ನಾನು ತಂದಿದ್ದು ನಿಂಗೆ ಯಾವತ್ತು ಹಿಡಿಸೈತೆ?"

ಆ ಮಾತು ನಿಜವೇ. ಆದರೂ ನಾನು ಬಿಡಲಿಲ್ಲ. "ಕೆಂದನ ತಲೆ ಮುಟ್ಟಿ ಹೇಳು, ಇವನನ್ನ ಬೋನಿಗೆ ಹಾಕಲ್ಲ ಅಂತ" ಅಂದೆ. ಅವನು ತಲೆಯ ಮೇಲೆ ಕೈಯಿಟ್ಟು, "ನಿನ್ನಾಣೆಗೂ ಹಾಕಲ್ಲ" ಅಂದ. ಸಂತೆಗೆ ಹೋದೆ. ಯಾವ ಮೆಣಸಿನಕಾಯಿ ಆರಿಸಿದೆನೋ, ಎಷ್ಟು ಕೊಟ್ಟೆನೋ, ಒಂದೂ ತಲೆಯಲ್ಲಿ ನಿಲ್ಲಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಆಟೋದಿಂದ ಇಳಿದು ಓಡುತ್ತಾ ಒಳಗೆ ಬಂದೆ. ಮಂಚದ ಕಾಲಿನಲ್ಲಿ ಬರೀ ಕುಣಿಕೆ. ಕೆಂದ ಇಲ್ಲ. ಗೂಟದ ಮೇಲಿದ್ದ ಹೊಸ ಹಗ್ಗವೂ ಇಲ್ಲ.

"ತಲೆ ಮುಟ್ಟಿ ಆಣೆ ಮಾಡ್ದೆಯಲ್ಲೋ! ನಿನ್ನ ಬಾಯಿಗೆ ಮಣ್ಣು ಬೀಳ! ಕೊಟ್ಟುಬುಟ್ಯಾ ನನ್ನ ಕೆಂದನ್ನ?"

ಜಗಲಿಯಲ್ಲಿದ್ದ ಚಿತ್ತಪ್ಪ ಎದ್ದು ಬಂದು ಮಂಚದ ಕೆಳಗೆ ನೋಡಿದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. "ಇಲ್ಲೇ ಮಲ್ಗಿದ್ದ ಕಣೇ. ಹೆಂಗೆ ಕೊಸರ್ಕೊಂಡ?"

ಓಬಳೇಶನ ಹಿಂದೆ ಬಂದ ಯಮುನಾ ಬಾಗಿಲಲ್ಲೇ ಅಳತೊಡಗಿದಳು. "ಅತ್ತೆ, ನಾವು ಕೆಂದನ್ನ ಕೊಡ್ಲಿಲ್ಲ. ಅವನ ಬದ್ಲಿಗೆ ನಿಮ್ಮ ಮಚ್ಚೆ ಮರೀನ ಕೊಟ್ವಿ."

ಮಚ್ಚೆ ಮರಿ! ತಾಯಿ ಸತ್ತ ಮೇಲೆ ನಾನು ಬಾಟಲಿ ಹಾಲು ಕುಡಿಸಿ ಉಳಿಸಿಕೊಂಡ ಆಡಿನ ಮರಿ. ಹಾಲು ಮಾತ್ರ ನನ್ನದು, ಮಲಗುತ್ತಿದ್ದದ್ದು ಕೆಂದನ ಹೊಟ್ಟೆಗೆ ಒತ್ತಿಕೊಂಡು.

"ನಿಂಗೆ ಹೇಳಿದ್ರೆ ಅದನ್ನೂ ಬುಡ್ತಿರ್ಲಿಲ್ಲ, ಇದನ್ನೂ ಬುಡ್ತಿರ್ಲಿಲ್ಲ. ಹಟ್ಟಿಯೋರಿಗೆ ಏನಂತ ಹೇಳ್ಲಿ?" ಅಂದ ಚಿತ್ತಪ್ಪ. ಬೈಯಲು ನನ್ನ ಹತ್ತಿರ ಬೇಕಾದಷ್ಟಿತ್ತು, ಹೊತ್ತಿರಲಿಲ್ಲ. ಕೆಂದ ಎಲ್ಲಿಗೆ ಹೋಗಿದ್ದಾನೆಂದು ನಾಲ್ವರಿಗೂ ಒಟ್ಟಿಗೇ ಹೊಳೆದಿತ್ತು. ಬೋನಿನ ಒಳಗಾದರೂ ಜಾಲರಿ ಇದೆ. ಹೊರಗೆ ಏನಿದೆ?

ಓಬಳೇಶ ದೊಣ್ಣೆ ಹಿಡಿದು ಮುಂದೆ ಓಡಿದ. ತೋಟದೊಳಗೆ ಆಗಲೇ ಮಬ್ಬು ಕವಿಯುತ್ತಿತ್ತು. ಒಣಗಿದ ಗರಿ ಸರಕ್ಕೆಂದರೆ ಸಾಕು, ಗಕ್ಕನೆ ನಿಂತು ಸುತ್ತ ನೋಡುತ್ತಿದ್ದೆ.

ಬದುವಿನ ಮೇಲೆ ಬೋನು ಕಾಣಿಸಿತು. ಕೆಂದ ಹಿಂದಿನ ಗೂಡಿಗೆ ಮೈ ಒತ್ತಿಕೊಂಡು ಹೊರಗೆ ಮಲಗಿದ್ದ. ಮರಿ ಒಳಗಿನಿಂದ ಅದೇ ಜಾಗಕ್ಕೆ ಬೆನ್ನು ಕೊಟ್ಟು ಮಲಗಿತ್ತು. ನಮ್ಮ ಹೆಜ್ಜೆ ಸದ್ದಿಗೆ ಅವನು ತಟ್ಟಾಡಿಕೊಂಡು ಎದ್ದು ನಿಂತ. ಹಿಂಗಾಲು ಗಡಗಡ ನಡುಗುತ್ತಿತ್ತು. ಹಲ್ಲಿಲ್ಲದ ಬಾಯಿ ತೆರೆದು ನಮ್ಮ ಮೇಲೆಯೇ ಗುರ್ ಅಂದ. ನಮ್ಮನ್ನು ಚಿರತೆ ಅಂದುಕೊಂಡಿದ್ದ, ಆದರೂ ಜಾಗ ಬಿಡಲಿಲ್ಲ.

"ನಾನು ಕಣ್ಲಾ ಕೆಂದ" ಅಂದೆ. ಬಾಲ ಅಲ್ಲಾಡಿತು. ಓಬಳೇಶ ಎತ್ತಿಕೊಳ್ಳಲು ಹೋದರೆ ಕೊಸರಿಕೊಂಡು ಕೆಳಗೆ ಬಿದ್ದು, ತೆವಳಿಕೊಂಡು ಮತ್ತೆ ಗೂಡಿಗೇ ಒತ್ತಿಕೊಂಡ.

ಚಿತ್ತಪ್ಪ ಟವಲಿನಿಂದ ಮುಖ ಮುಚ್ಚಿಕೊಂಡು ಅತ್ತ. ಮದುವೆಯಾದಾಗಿನಿಂದ ಅವನು ಅತ್ತದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ತಾನೇ ಹೋಗಿ ಗೂಡಿನ ಚಿಲಕ ತೆಗೆದ.

"ನಾಳೆ ಕೆಂಚಯ್ಯ ಕೇಳಿದ್ರೆ?" ಅಂದ ಓಬಳೇಶ.

"ನಮ್ಮನೇಲಿ ಕೊಡೋಕೆ ಯಾರೂ ಇಲ್ಲ ಅನ್ನು" ಅಂದ ಚಿತ್ತಪ್ಪ.