ಉಪ್ಪುಗಾಳಿ ತಿಂದ ಕ್ಯಾಸೆಟ್ಟು

ದೇಜಪ್ಪ ಮಾವನಿಗೆ ಲೋಕದ ಸಕಲ ಅನಿಷ್ಟಗಳಿಗೂ ಒಂದೇ ಕಾರಣ ಗೊತ್ತಿತ್ತು: ಉಪ್ಪುಗಾಳಿ. ಸೈಕಲ್ಲಿಗೆ ತುಕ್ಕು ಹಿಡಿದರೆ ಉಪ್ಪುಗಾಳಿ, ಫ್ಯಾನು ನಿಂತರೆ ಉಪ್ಪುಗಾಳಿ, ಟೀವಿಯಲ್ಲಿ ಚುಕ್ಕೆ ಕುಣಿದರೆ ಆಂಟೆನಾಕ್ಕೆ ಬಡಿದ ಉಪ್ಪುಗಾಳಿ. ಕಾಪುವಿನ ಕಡಲಿಗೆ ಕೂಗಳತೆಯಲ್ಲಿ ಮನೆ ಕಟ್ಟಿ, ಎರಡು ಬೋಟು ಇಟ್ಟು, ಮೇಲಿಂದ ಭಜನಾ ಮಂದಿರದ ಅಧ್ಯಕ್ಷರೂ ಆದವರ ಮಾತಿಗೆ ಎದುರಾಡುವವರು ಯಾರು? ತಂಗಿ ಅಪ್ಪಿಯೂ ಅವಳ ಮಕ್ಕಳಾದ ವಾರಿಜಾ, ಗುಣಪಾಲರೂ ಅದೇ ಮನೆಯಲ್ಲಿ, ಅವರು ಹೇಳಿದಂತೆ ಇದ್ದರು. ಮಾವ ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ವಾರಿಜಾಳಿಗೆ ಮನಸಾರೆ ಬೈದು ಹಗುರಾಗುವ ದಾರಿಯಾದರೂ ಇರುತ್ತಿತ್ತು.

ಕಂಪ್ಯೂಟರನ್ನು ಬೊಂಬಾಯಿಯಿಂದ ತಂದವರೂ ಅವರೇ. ಅದು ಎಂಬತ್ತಾರರ ಮಳೆಗಾಲ, ಬೋಟುಗಳು ದಡ ಸೇರಿದ್ದ ಸಮಯ. ಪಕ್ಕದ ಮನೆಗೆ ಟೀವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮಿನ ಪೆಟ್ಟಿಗೆ ಬಂದಿತ್ತು. ತನಗೂ ಅದೇ ಬೇಕೆಂದು ಗುಣಪಾಲ, ಮೀಸೆ ಬಂದ ಗಂಡಸು, ಊಟ ಬಿಟ್ಟು ಕೂತಿದ್ದ. ಬೊಂಬಾಯಿಯ ಅಂಗಡಿಯವನು ಮಾವನಿಗೆ ಬೇರೆ ಬುದ್ಧಿ ಹೇಳಿದ. "ಆ ಪೆಟ್ಟಿಗೆಯಲ್ಲಿ ಆಟ ಮಾತ್ರ ಅಂತೆ. ಇದರಲ್ಲಿ ಆಟವೂ ಉಂಟು, ವಿದ್ಯೆಯೂ ಉಂಟು" ಎನ್ನುತ್ತಾ ಮಾವ ಪಂಚಾಂಗಕ್ಕಿಂತ ಸ್ವಲ್ಪ ದಪ್ಪಗಿನ ಕಪ್ಪು ಕೀಲಿಮಣೆಯೊಂದನ್ನು ಚಾವಡಿಯ ಟೀವಿಯ ಪಕ್ಕ ಇಟ್ಟರು. ಕಂಪ್ಯೂಟರೆಂದರೆ ಅಷ್ಟೇ, ಪರದೆಯಾಗಿ ಟೀವಿಯೇ.

ಗುಣಪಾಲನ ಮುಖ ಇಳಿಯಿತು. ಪಕ್ಕದ ಮನೆಯ ಪೆಟ್ಟಿಗೆಗೆ ಆಟ ತುಂಬಿದ ಬಿಲ್ಲೆ ತುರುಕಿದರೆ ಆಟ ತಟ್ಟನೆ ಶುರು. ಇಲ್ಲಿ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ಟು ಹಾಕಿ ಐದು ನಿಮಿಷ ಕಾಯಬೇಕು, ನಡುವೆ ಕರೆಂಟು ಕಣ್ಣು ಮಿಟುಕಿಸಿದರೆ ಮತ್ತೆ ಮೊದಲಿಂದ. "ಆಟ ಆಡ್ಲಿಕ್ಕೂ ತಪಸ್ಸು ಮಾಡ್ಬೇಕಾ ಮಾರಾಯ್ರೆ?" ಎಂದವನು ದೀಪಾವಳಿಯ ಹೊತ್ತಿಗೆ ಪಕ್ಕದ ಮನೆಯವನೇ ಆಗಿಹೋದ.

ಬಿ.ಎಸ್ಸಿ. ಮುಗಿಸಿ ಎರಡು ವರ್ಷದಿಂದ ಮನೆಯಲ್ಲಿದ್ದ ವಾರಿಜಾ ಅದರ ಪುಸ್ತಕ ಬಿಡಿಸಿದಳು. ಹಗಲು ಟೀವಿಯಲ್ಲಿ ಕಾರ್ಯಕ್ರಮವಿಲ್ಲದ ಗಂಟೆಗಳೆಲ್ಲ ಅವಳದಾದವು. ನಾಲ್ಕು ತಿಂಗಳು ಕೂತು ಅವಳು ತನ್ನದೇ ಒಂದು ಆಟ ಮಾಡಿದಳು, ರಂಪಣಿ ಬಲೆಯದು. ದೋಣಿ ಬಲೆ ಬಿಡುತ್ತಾ ಮೀನಿನ ಹಿಂಡನ್ನು ಸುತ್ತಿ ಬರಬೇಕು, ಆಮೇಲೆ ಎರಡು ಕೀಲಿ ಒತ್ತಿ ಎರಡೂ ಹಗ್ಗವನ್ನು ದಡಕ್ಕೆ ಸಮನಾಗಿ ಎಳೆಯಬೇಕು. ಒಂದು ಕೈ ಅವಸರ ಮಾಡಿದರೆ ಮೀನೆಲ್ಲ ಕಡಲಿಗೆ ವಾಪಸ್ಸು.

ಹರೆಯದಲ್ಲಿ ರಂಪಣಿ ಎಳೆದಿದ್ದ ಮಾವ ಒಂದು ಮಧ್ಯಾಹ್ನ ತಾವೇ ಆಡಿದರು. "ಬಂಗುಡೆ ಹಾಗೆ ಹೋಗುದಿಲ್ಲ ಮಗಾ, ತಿರುಗಿ ಹಾರ್ತದೆ" ಎಂದು ತಿದ್ದಿದರು. ಅವಳು ಬಂಗುಡೆಯನ್ನು ತಿರುಗಿಸಿ ಹಾರಿಸಿದಳು. ಮಾವ ಮಗುವಿನ ಹಾಗೆ ನಕ್ಕರು. ಆ ಆಟ ಎಲ್ಲಿದೆ ಎಂದು ಮಾತ್ರ ಅವರು ಕೇಳಲಿಲ್ಲ. ಕೀಲಿಮಣೆಯ ಹೊಟ್ಟೆಯೊಳಗೆ ಇರುತ್ತದೆಂದು ಅವರ ಲೆಕ್ಕ. ಸ್ವಿಚ್ಚು ಆರಿಸಿದ ಕೂಡಲೇ ಅದರ ಹೊಟ್ಟೆ ಖಾಲಿ ಎಂದು ಅವಳೂ ಹೇಳಲಿಲ್ಲ.

ಮಣಿಪಾಲದಲ್ಲಿ ಹೊಸದಾಗಿ ಕಂಪ್ಯೂಟರ್ ತರಗತಿ ತೆರೆದಿದ್ದ ರಾಮದಾಸ ಎಂಬವರಿಗೆ ವಾರಿಜಾ ಪತ್ರ ಬರೆದಿದ್ದಳು. ಉತ್ತರ ಬಂತು. ಸರ್ಟಿಫಿಕೇಟು ಇಲ್ಲದವರನ್ನು ಕಲಿಸಲು ತೆಗೆದುಕೊಳ್ಳುವುದು ಕಷ್ಟ. ಆದರೆ ನೀವೇ ಮಾಡಿದ ಆಟವನ್ನು ನಮ್ಮಲ್ಲಿ ಓಡಿಸಿ ತೋರಿಸಿದರೆ ಕೆಲಸ ನಿಮಗೇ, ಸೋಮವಾರ ಹತ್ತು ಗಂಟೆಗೆ ಬನ್ನಿ ಎಂದಿತ್ತು. ಮಾವನೂ ಮಾತು ಕೊಟ್ಟರು. ಕೆಲಸ ಸಿಕ್ಕಿದರೆ ಮದುವೆಯ ವಿಷಯ ಎರಡು ವರ್ಷ ಮುಂದಕ್ಕೆ, ಇಲ್ಲವಾದರೆ ಬರುವ ಮೇ ತಿಂಗಳಲ್ಲೇ ಬೊಂಬಾಯಿಯ ಸಂಬಂಧ. ಬೊಂಬಾಯಿಯ ಆ ಗಂಡನ್ನು ಅವಳು ಫೋಟೋದಲ್ಲಿ ಮಾತ್ರ ನೋಡಿದ್ದಳು.

ಶನಿವಾರ ಅವಳು ಆಟವನ್ನು ಕ್ಯಾಸೆಟ್ಟಿನ ಎರಡೂ ಬದಿಗೆ ತುಂಬಿಸಿ, ಓಡಿಸಿ ನೋಡಿ, ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದು, ಟೀವಿಯ ಪಕ್ಕ ಇಟ್ಟಳು. ಹಲ್ಲು ಮುರಿದ ಕ್ಯಾಸೆಟ್ಟಿನ ಮೇಲೆ ಯಾರೂ ಬೇರೇನನ್ನೂ ತುಂಬಿಸುವ ಹಾಗಿಲ್ಲ. ನೋಟುಬುಕ್ಕಿನಲ್ಲಿ ಅರ್ಧ ಆಟ ಮಾತ್ರ ಇತ್ತು, ಉಳಿದದ್ದನ್ನು ಟೀವಿಯ ಮುಂದೆ ಕೂತೇ ಮಾಡಿದ್ದು.

ಭಾನುವಾರ ಭಜನಾ ಮಂದಿರದ ಬೆಳ್ಳಿಹಬ್ಬ. ಮಾವ ಐವತ್ತು ನಿಮಿಷ ಮಾತಾಡಿದರು. ಮೈಕಿನ ಶೇಖರ ಅದನ್ನು ರೆಕಾರ್ಡ್ ಮಾಡುತ್ತಿದ್ದ. ಮಾತಿನ ನಡುವೆ ಮಾವ ಹೆಂಗಸರ ಕಡೆ ಕೈ ತೋರಿಸಿ ವಾರಿಜಾಳ ಹೆಸರು ಹೇಳಿದಾಗ ಅವಳ ಕಣ್ಣು ತುಂಬಿತು. ಬದುಕಿನಲ್ಲಿ ಮೊದಲ ಸಲ ಊರು ಅವಳಿಗಾಗಿ ಚಪ್ಪಾಳೆ ತಟ್ಟಿತ್ತು.

ಸೋಮವಾರ ಮಣಿಪಾಲದಲ್ಲಿ ರಾಮದಾಸರು ಕ್ಯಾಸೆಟ್ಟನ್ನು ತಾವೇ ಹಾಕಿದರು. ಟೀವಿಯಲ್ಲಿ ಏನೂ ಬರಲಿಲ್ಲ. ಐದು ನಿಮಿಷವಾಯಿತು, ಏಳಾಯಿತು. ಬದಿ ತಿರುಗಿಸಿದರು. ಕೊನೆಗೆ ಟೇಪ್ ರೆಕಾರ್ಡರಿನ ವಯರು ಕಿತ್ತು, ಒಳಗೆ ಏನಿದೆಯೆಂದು ಕಿವಿಯಿಂದಲೇ ಕೇಳಲು ಹೊರಟರು. ಕೋಣೆಯ ತುಂಬ ದೇಜಪ್ಪ ಮಾವನ ಕಂಠ ಮೊಳಗಿತು:

"...ನಮ್ಮ ಮನೆಯ ಹುಡುಗಿ ವಾರಿಜಾ ಕಂಪ್ಯೂಟರಿನಲ್ಲಿ ಸ್ವತಃ ಒಂದು ಆಟವನ್ನೇ ಮಾಡಿದ್ದಾಳೆ! ಹೆಣ್ಣುಮಕ್ಕಳನ್ನು ಓದಿಸಿರಿ, ಅವರ ದಾರಿಗೆ ಅಡ್ಡ ಬರಬೇಡಿರಿ!"

ಆಮೇಲೆ ಚಪ್ಪಾಳೆ. ಅವಳು ನಿನ್ನೆ ಕಣ್ಣು ತುಂಬಿಕೊಂಡು ಕೇಳಿದ ಅದೇ ಚಪ್ಪಾಳೆ.

ರಾಮದಾಸರು ನಕ್ಕರು, ಅವಳ ಮುಖ ಕಂಡು ನಗು ನಿಲ್ಲಿಸಿದರು. ಇನ್ನೊಮ್ಮೆ ಮಾಡಿ ತರಲು ಎಷ್ಟು ದಿನ ಬೇಕೆಂದು ಕೇಳಿದರು. ಎರಡು ತಿಂಗಳು ಎಂದಳು. "ನಾಳೆಯೇ ಕ್ಲಾಸು ಶುರು ಮಾಡ್ಬೇಕಲ್ಲ" ಎಂದರು. ಹೊರಗೆ ಬೆಂಚಿನಲ್ಲಿ ಕಾರ್ಕಳದ ಒಬ್ಬ ಯುವಕ ಸರ್ಟಿಫಿಕೇಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

ಅವಳು ಮನೆಗೆ ಬಂದಾಗ ಚಾವಡಿಯಲ್ಲಿ ಬೊಂಬಾಯಿಯ ಸಂಬಂಧದವರು, ಹುಡುಗನ ತಂದೆ ತಾಯಿ, ಕೂತಿದ್ದರು. ಬೆಳ್ಳಿಹಬ್ಬಕ್ಕೆಂದು ಊರಿಗೆ ಬಂದವರು.

"ಕ್ಯಾಸೆಟ್ಟು ನಿನ್ನ ಹತ್ರ ಉಂಟಾ? ಬೆಳಿಗ್ಗೆಯಿಂದ ಹುಡುಕ್ತಾ ಇದ್ದೇನೆ" ಎಂದರು ಮಾವ.

"ಮಾವ, ಅದರಲ್ಲಿ ನನ್ನ ಆಟ ಇತ್ತು."

"ಎಂತ ಆಟ? ಅದರಲ್ಲಿ ಕೀಂ ಅಂತ ಕೂಗುದು ಬಿಟ್ರೆ ಎಂತದೂ ಇರ್ಲಿಲ್ಲ. ನಾನೇ ಹಾಕಿ ಕೇಳಿದ್ದೇನೆ. ಉಪ್ಪುಗಾಳಿ ತಿಂದಿತ್ತು ಅದನ್ನು. ಬಿಸಾಡುವ ಬದಲು ಶೇಖರನಿಗೆ ಕೊಟ್ಟೆ. ಅವನು ತೂತಿಗೆ ಕಾಗದ ತುರುಕಿ ಸರಿ ಮಾಡಿದ. ರಾತ್ರಿ ತಂದು ಟೀವಿಯ ಹತ್ರವೇ ಇಟ್ಟಿದ್ದೆ."

"ಆ ಕೂಗೇ ನನ್ನ ಆಟ, ಮಾವ."

ಮಾವ ಅತಿಥಿಗಳನ್ನು ನೋಡಿ ನಕ್ಕರು. "ಆಟ ಕಂಪ್ಯೂಟರಿನಲ್ಲಿ ಅಲ್ವಾ ಇರುದು? ಅದು ಇಲ್ಲೇ ಉಂಟಲ್ಲ, ಯಾರೂ ಮುಟ್ಲಿಲ್ಲ. ಬೇಕಾದ್ರೆ ಹತ್ತು ಹೊಸ ಕ್ಯಾಸೆಟ್ಟು ತರಿಸಿ ಕೊಡ್ತೇನೆ." ಮತ್ತೆ ಏನೋ ಹೊಳೆದು ಮುಂದೆ ಬಾಗಿದರು. "ಮಣಿಪಾಲದವರೂ ಕೇಳಿದ್ರಾ ಹಾಗಾದ್ರೆ? ಎಂತ ಹೇಳಿದ್ರು?"

"ನಕ್ಕರು."

"ನಗದೆ? ಭಾಷಣದ ಆ ತಮಾಷೆಯ ಜಾಗ ಹಾಗೆಯೇ ಉಂಟು!"

ಕೆಲಸದ ಸುದ್ದಿಯನ್ನು ಅವರು ಕೇಳಲಿಲ್ಲ. ಅಪ್ಪಿ ಮಾತ್ರ ಮಗಳ ಮುಖ ನೋಡಿ, ಎಲ್ಲ ತಿಳಿದವಳಂತೆ, ಚಹಾ ತರುವ ನೆಪದಲ್ಲಿ ಒಳಗೆ ಹೋದಳು. ವಾರಿಜಾಳಿಗೆ ಅಮ್ಮನ ಮೇಲೆಯೇ ಹೆಚ್ಚು ಸಿಟ್ಟು ಬಂತು.

ಅವಳು ಕೊಟ್ಟ ಕ್ಯಾಸೆಟ್ಟನ್ನು ಮಾವ ಹಾಕಿದರು, ಭಾಷಣ ಎರಡೂ ಬದಿ ಓಡಿತು. ವಾರಿಜಾಳ ಹೆಸರು ಬಂದಾಗ ಬೊಂಬಾಯಿಯ ಹೆಂಗಸು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಮಗೂ ಕಲಿತ ಹುಡುಗಿಯೇ ಬೇಕಾದ್ದು" ಎಂದಳು.

ಮಾವ ಕ್ಯಾಸೆಟ್ಟನ್ನು ತೆಗೆದು ವಾರಿಜಾಳ ಕೈಯಲ್ಲಿಟ್ಟರು. "ಇದರ ಮೇಲೆ ಯಾರೂ ಬೇರೆ ಎಂತದೂ ತುಂಬಿಸದ ಹಾಗೆ ಮಾಡ್ಲಿಕ್ಕಾಗ್ತದಂತೆ, ಶೇಖರ ಹೇಳಿದ. ನಿಂಗೆ ಗೊತ್ತುಂಟಾ ಮಗಾ?"

ಅವಳಿಗೆ ಗೊತ್ತಿತ್ತು. ತಲೆಯಿಂದ ಒಂದು ಪಿನ್ನು ತೆಗೆದು, ಶೇಖರ ತುರುಕಿದ್ದ ಕಾಗದದ ಉಂಡೆಯನ್ನು ಮೊದಲು ಒಂದು ತೂತಿನಿಂದ, ಆಮೇಲೆ ಇನ್ನೊಂದರಿಂದ ಎಬ್ಬಿಸಿ ತೆಗೆದಳು.

"ಇನ್ನು ಅಳಿಯುವುದಿಲ್ಲ ಮಾವ" ಎಂದಳು.